ಸುಟ್ಟ ಸರ್ವರು, ಉಳಿದ ಸ್ಕಿನ್ನು: ಆಟದ ಗಳಿಕೆ ಎಲ್ಲಿ ಬರೆದಿರುತ್ತದೆ ಎಂಬುದರ ಕುರಿತು ಒಂದು ಟಿಪ್ಪಣಿ

2021ರ ಮಾರ್ಚ್ 10ರಂದು, ನಡುರಾತ್ರಿ ಕಳೆದು 47 ನಿಮಿಷಕ್ಕೆ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಓವಿಎಚ್ ಕಂಪನಿಯ ಡೇಟಾ ಸೆಂಟರಿನಲ್ಲಿ ಬೆಂಕಿ ಹೊತ್ತಿಕೊಂಡಿತು. ರೈನ್ ನದಿಯ ಬದಿಯ ಆ ಆವರಣದಲ್ಲಿ ನಾಲ್ಕು ಘಟಕಗಳಿದ್ದವು. ಎಸ್‌ಬಿಜಿ2 ಎಂಬ ಐದು ಅಂತಸ್ತಿನ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಎಸ್‌ಬಿಜಿ1ರ 12 ಕೋಣೆಗಳಲ್ಲಿ 4 ನಾಶವಾದವು. ಉಳಿದೆರಡು ಘಟಕಗಳಿಗೆ ಬೆಂಕಿ ತಗಲದಿದ್ದರೂ ವಿದ್ಯುತ್ ಕಡಿದುಹಾಕಬೇಕಾಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ವಿಪತ್ತು ಬಂದಾಗ ಮಾಡಬೇಕಾದ್ದಕ್ಕೆ ನಿಮ್ಮಲ್ಲಿ ಯಾವ ಯೋಜನೆಯಿದೆಯೋ ಅದನ್ನು ಈಗಲೇ ಜಾರಿಗೆ ತನ್ನಿ ಎಂದು ಸಂಸ್ಥಾಪಕ ಒಕ್ಟಾವ್ ಕ್ಲಾಬಾ ಬೆಳಕು ಹರಿಯುವ ಮೊದಲೇ ಟ್ವಿಟರಿನಲ್ಲಿ ಗ್ರಾಹಕರಿಗೆ ತಿಳಿಸಿದರು. ಅಂಥ ಯೋಜನೆಯನ್ನೇ ಮಾಡಿಕೊಳ್ಳದ ಗ್ರಾಹಕರು ಬಹಳ ಮಂದಿ ಇದ್ದರು. ನೆಟ್‌ಕ್ರಾಫ್ಟ್ ಸಂಸ್ಥೆಯ ಲೆಕ್ಕದ ಪ್ರಕಾರ 4,64,000 ಡೊಮೇನುಗಳಿಗೆ ಸೇರಿದ 36 ಲಕ್ಷ ವೆಬ್‌ಸೈಟುಗಳು ಆ ಹೊತ್ತಿಗೆ ಕಣ್ಮರೆಯಾಗಿದ್ದವು.

ಫ್ರೆಂಚ್ ಸರ್ಕಾರದ ದತ್ತಾಂಶ ತಾಣ, ಪಾಂಪಿಡೂ ಕಲಾಕೇಂದ್ರದ ತಾಣ ಮುಂತಾದವುಗಳ ಸುದ್ದಿಯ ನಡುವೆ ಇನ್ನೊಂದು ಸಣ್ಣ ಸುದ್ದಿಯೂ ಇತ್ತು. 'ರಸ್ಟ್' ಎಂಬ ಆನ್‌ಲೈನ್ ಆಟದ 25 ಯುರೋಪಿಯನ್ ಸರ್ವರುಗಳು ಆ ಬೆಂಕಿಗೆ ಸಿಕ್ಕಿದ್ದವು. ಅವುಗಳಲ್ಲಿದ್ದ ದತ್ತಾಂಶವನ್ನು ಮರಳಿ ತರಲಾಗದು, ಹೊಸ ಯಂತ್ರಗಳನ್ನು ಹೊಂದಿಸುತ್ತಿದ್ದೇವೆ ಎಂದು ಆಟ ತಯಾರಿಸಿದ ಫೇಸ್‌ಪಂಚ್ ಸ್ಟುಡಿಯೋಸ್ ಅದೇ ದಿನ ಹೇಳಿತು. ಆ ರಾತ್ರಿ ಈ 25 ಸರ್ವರುಗಳ ಆಟಗಾರರು ಕಳೆದುಕೊಂಡದ್ದು ನಿಖರವಾಗಿ ಏನು ಎಂಬುದು ಈ ಟಿಪ್ಪಣಿಯ ಪ್ರಶ್ನೆ. 'ಎಲ್ಲ ಹೋಯಿತು' ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಹೋದದ್ದು ಎಲ್ಲವೂ ಅಲ್ಲ. ಯಾವುದು ಹೋಯಿತು, ಯಾವುದು ಉಳಿಯಿತು ಎಂಬ ವಿಂಗಡಣೆಯಲ್ಲೇ ಈ ವಿಷಯದ ತಿರುಳಿದೆ.

ರಸ್ಟ್ ಆಡದವರಿಗೆ ಒಂದಿಷ್ಟು ವಿವರ ಬೇಕು. ಬ್ರಿಟನ್ನಿನ ಈ ಸ್ಟುಡಿಯೋ ಆಟವನ್ನು 2013ರ ಡಿಸೆಂಬರಿನಲ್ಲಿ ಆರಂಭಿಕ ರೂಪದಲ್ಲೂ 2018ರ ಫೆಬ್ರವರಿಯಲ್ಲಿ ಪೂರ್ಣ ರೂಪದಲ್ಲೂ ಹೊರತಂದಿತು. ಆಟಗಾರ ಕಡಲತೀರದಲ್ಲಿ ಬರಿಮೈಯಲ್ಲಿ ಕಣ್ಣುಬಿಡುತ್ತಾನೆ. ಕೈಯಲ್ಲಿರುವುದು ಒಂದು ಕಲ್ಲು, ಒಂದು ಪಂಜು. ಮರ ಕಡಿದು, ಬಂಡೆ ಒಡೆದು, ಲೋಹದ ಅದಿರನ್ನೂ ಗಂಧಕವನ್ನೂ ಕುಲುಮೆಯಲ್ಲಿ ಕರಗಿಸಿ, ಒಂದು ಬೇಸ್ ಕಟ್ಟಿ, ಬಾಗಿಲಿಗೆ ಕೋಡ್ ಲಾಕ್ ಹಾಕಿಕೊಳ್ಳಬೇಕು. ಲಾಗೌಟ್ ಆದರೂ ಅವನ ಪಾತ್ರ ಮಾಯವಾಗುವುದಿಲ್ಲ. ಮೈ ಅಲ್ಲೇ ಮಲಗಿರುತ್ತದೆ. ಯಾರಾದರೂ ಗೋಡೆ ಸ್ಫೋಟಿಸಿ ಒಳನುಗ್ಗಿದರೆ ಮಲಗಿದ್ದಲ್ಲೇ ಕೊಂದು ಲೂಟ್ ಹೊತ್ತೊಯ್ಯಬಹುದು. ಟೂಲ್ ಕಬೋರ್ಡ್ ಎಂಬ ಪೆಟ್ಟಿಗೆಯಲ್ಲಿ ಮರ, ಕಲ್ಲು, ಲೋಹ ತುಂಬಿಡುತ್ತಿರಬೇಕು. ತುಂಬದಿದ್ದರೆ ಕಟ್ಟಿದ ಮನೆ ತಾನಾಗಿಯೇ ಶಿಥಿಲವಾಗಿ ಉದುರುತ್ತದೆ. ಕಳೆದುಕೊಳ್ಳುವುದು ಈ ಆಟದಲ್ಲಿ ಅಪವಾದವೇ ಅಲ್ಲ, ದಿನನಿತ್ಯದ ಕಥೆ.

ಇದರ ಮೇಲೆ 'ವೈಪ್' ಇದೆ. ಪ್ರತಿ ತಿಂಗಳ ಮೊದಲ ಗುರುವಾರ ಆಟಕ್ಕೆ ಹೊಸ ಪ್ಯಾಚ್ ಬರುತ್ತದೆ, ಅದರ ಜೊತೆಗೆ ಎಲ್ಲ ಸರ್ವರುಗಳ ನಕ್ಷೆಯನ್ನೂ ಅಳಿಸಲಾಗುತ್ತದೆ. ಮನೆ, ಪೆಟ್ಟಿಗೆ, ಬಂದೂಕು, ಕೂಡಿಟ್ಟ ಗಂಧಕ ಯಾವುದೂ ಉಳಿಯದು; ಎಲ್ಲರೂ ಮತ್ತೆ ಕಡಲತೀರಕ್ಕೆ. ತಮ್ಮ ಇಷ್ಟದಂತೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಳಿಸುವ ಸರ್ವರುಗಳೂ ಇವೆ, ಆದರೆ ತಿಂಗಳ ವೈಪ್ ಯಾರಿಗೂ ತಪ್ಪಿದ್ದಲ್ಲ. ಈಗ ಪಂಚಾಂಗ ತೆರೆದು ನೋಡೋಣ. 2021ರ ಮಾರ್ಚಿನ ಮೊದಲ ಗುರುವಾರ 4ನೇ ತಾರೀಖು. ಏಪ್ರಿಲ್ಲಿನದು 1ನೇ ತಾರೀಖು. ಬೆಂಕಿ ಬಿದ್ದದ್ದು ವೈಪ್ ಆದ ಆರನೆಯ ದಿನ. ಅಂದರೆ ಸ್ಟ್ರಾಸ್‌ಬರ್ಗಿನಲ್ಲಿ ಸುಟ್ಟ ಪ್ರತಿಯೊಂದು ಮನೆಯೂ ಹೇಗಿದ್ದರೂ ಏಪ್ರಿಲ್ 1ರೊಳಗೆ ಇಲ್ಲವಾಗುವುದಿತ್ತು. ಬೆಂಕಿ ಆ ಮನೆಗಳ ಆಯುಷ್ಯದಿಂದ ಕಿತ್ತುಕೊಂಡದ್ದು ಹೆಚ್ಚೆಂದರೆ 22 ದಿನ.

ಈ ಲೆಕ್ಕ ಕೇಳಿ 'ಹಾಗಾದರೆ ನಷ್ಟವೇ ಇಲ್ಲವಲ್ಲ' ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವೈಪ್ ಆದ ಮೊದಲ ವಾರವೇ ಈ ಆಟದ ಸುಗ್ಗಿ. ಆಗ ಸರ್ವರುಗಳು ತುಂಬಿ ತುಳುಕುತ್ತವೆ, ತಿಂಗಳು ಕಳೆದಂತೆ ಖಾಲಿಯಾಗುತ್ತವೆ. ಆರನೆಯ ದಿನ ಎಂದರೆ ದುಡಿಮೆ ಮುಗಿದು ಅದರ ಫಲ ಕೈಗೆ ಬರುವ ಹೊತ್ತು. ಅಲ್ಲದೆ 'ಬ್ಲೂಪ್ರಿಂಟ್' ಎಂಬ ಇನ್ನೊಂದು ಗಳಿಕೆಯಿದೆ. ಯಾವ ಆಯುಧ, ಯಾವ ಉಪಕರಣ ಮಾಡಲು ಆಟಗಾರ ಕಲಿತಿದ್ದಾನೆ ಎಂಬುದರ ದಾಖಲೆ ಅದು. ಸರ್ವರಿನಲ್ಲಿ ನಕ್ಷೆ ಒಂದು ಫೈಲಿನಲ್ಲಿದ್ದರೆ ಬ್ಲೂಪ್ರಿಂಟುಗಳು ಬೇರೊಂದು ಫೈಲಿನಲ್ಲಿರುತ್ತವೆ, ಹಾಗಾಗಿ ನಕ್ಷೆಯ ವೈಪ್ ಆದರೂ ಅವನ್ನು ಉಳಿಸಿಕೊಳ್ಳಲು ಸಾಧ್ಯ. ಬೆಂಕಿಗೆ ಈ ಭೇದ ತಿಳಿಯದು. ಮನೆ ಸುಟ್ಟದ್ದು ಅವಧಿಗೆ ಮುಂಚಿನ ವೈಪ್ ಎನ್ನಬಹುದಾದರೆ, ಬ್ಲೂಪ್ರಿಂಟ್ ಸುಟ್ಟದ್ದು ಒಪ್ಪಂದದಲ್ಲೇ ಇಲ್ಲದ ನಷ್ಟ. ಈ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದು ಅಂದಿನ ವರದಿಗಳ ದೊಡ್ಡ ಕೊರತೆ.

ಇನ್ನು ಉಳಿದದ್ದರ ವಿಚಾರ. ರಸ್ಟ್‌ನಲ್ಲಿ ಬಂದೂಕಿಗೆ, ಬಾಗಿಲಿಗೆ, ಅಂಗಿಗೆ ಹಾಕುವ ಬಣ್ಣದ ಹೊದಿಕೆಗಳಿವೆ. ಅವನ್ನು ಸ್ಕಿನ್ ಎನ್ನುತ್ತಾರೆ. ದುಡ್ಡು ಕೊಟ್ಟು ಕೊಳ್ಳುವ ಸರಕು ಇದು. ಸ್ಟೀಮ್ ಮಾರುಕಟ್ಟೆಯಲ್ಲಿ ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತದೆ, ಕೆಲವಕ್ಕೆ ಒಳ್ಳೆಯ ಬೆಲೆಯೂ ಇದೆ. ಈ ಸ್ಕಿನ್ನುಗಳ ದಾಖಲೆ ಆಟದ ಸರ್ವರಿನಲ್ಲಿ ಇರುವುದೇ ಇಲ್ಲ. ಅದಿರುವುದು ವಾಲ್ವ್ ಕಂಪನಿ ನಡೆಸುವ ಸ್ಟೀಮ್ ಖಾತೆಯಲ್ಲಿ. ಆದ್ದರಿಂದ ಸ್ಟ್ರಾಸ್‌ಬರ್ಗಿನ ಬೆಂಕಿಯಲ್ಲಿ ಬಂದೂಕು ಸುಟ್ಟಿತು, ಬಂದೂಕಿನ ಹೊದಿಕೆ ಉಳಿಯಿತು. ದುಡ್ಡು ಕೊಟ್ಟು ಕೊಂಡ ಒಂದೂ ವಸ್ತು ನಾಶವಾಗಲಿಲ್ಲ. ಗಂಟೆಗಟ್ಟಲೆ ಕೂತು ಗಳಿಸಿದ ಒಂದೂ ವಸ್ತು ಉಳಿಯಲಿಲ್ಲ.

ಇದು ಯಾರದೋ ಸಂಚಿನ ಫಲವಲ್ಲ, ಎಂಜಿನಿಯರಿಂಗಿನ ಲೆಕ್ಕಾಚಾರದ ಫಲ. ಮಾರುಕಟ್ಟೆಯ ವ್ಯವಹಾರದಲ್ಲಿ ಒಂದು ದಾಖಲೆ ತಪ್ಪಿದರೂ ಹಣ ವಾಪಸು ಕೊಡಬೇಕಾದೀತು, ದೂರು ಬಂದೀತು. ಅದಕ್ಕಾಗಿ ಆ ದಾಖಲೆಯನ್ನು ಎಚ್ಚರದಿಂದ ಕಾಯುತ್ತಾರೆ. ತಿಂಗಳಿಗೊಮ್ಮೆ ತಾವೇ ಅಳಿಸುವ ನಕ್ಷೆಯನ್ನು ಇನ್ನೊಂದು ಊರಿನಲ್ಲಿ ನಕಲು ಮಾಡಿಡಲು ಯಾರೂ ಖರ್ಚು ಮಾಡುವುದಿಲ್ಲ. ಆಟದ ಕಂಪನಿ ಯಾವುದನ್ನು ಎಲ್ಲಿ, ಎಷ್ಟು ಪ್ರತಿಗಳಲ್ಲಿ ಬರೆದಿಡುತ್ತದೆ ಎಂಬುದನ್ನು ನೋಡಿದರೆ ಅದು ಯಾವುದಕ್ಕೆ ಬೆಲೆ ಕಟ್ಟಿದೆ ಎಂಬುದು ಗೊತ್ತಾಗುತ್ತದೆ. ಹಣ ಒಂದು ಕಡೆ, ಹೊತ್ತು ಇನ್ನೊಂದು ಕಡೆ. ನನ್ನ ವಾದವೆಲ್ಲ ಇಷ್ಟೇ. ಮುಂದಿನದು ಈ ಗೆರೆಯನ್ನು ಬೇರೆ ಬೇರೆ ಪ್ರಕರಣಗಳಲ್ಲಿ ಹಿಂಬಾಲಿಸುವ ಪ್ರಯತ್ನ.

ಗೆರೆ ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಅಕ್ಷರಗಳಷ್ಟೇ ಇರುವ ಆಟ, ಹಲವರು ಸೇರಿ ಆಡುವ ಇಂದಿನ ಆಟಗಳ ಮೂಲಪುರುಷ. ಅಲ್ಲಿ ಲೋಕ ಆಗಾಗ ಮೊದಲಿನ ಸ್ಥಿತಿಗೆ ಮರಳುತ್ತಿತ್ತು, ನಿಧಿಗಳು ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದವು. ಆಟಗಾರ ಸಿಕ್ಕ ನಿಧಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಅದನ್ನು ಜೌಗುನೆಲಕ್ಕೆ ಎಸೆದರೆ ಅಂಕ ಬರುತ್ತಿತ್ತು. ಉಳಿಯುತ್ತಿದ್ದದ್ದು ಅಂಕ, ದರ್ಜೆ. ವಸ್ತು ಎಂದೂ ಉಳಿಯುತ್ತಿರಲಿಲ್ಲ. ದುಡ್ಡಿನ ಮಾತೇ ಇಲ್ಲದ ಕಾಲದಲ್ಲಿ ಯಂತ್ರ ನೆನಪಿಟ್ಟುಕೊಂಡದ್ದು ಆಟಗಾರನ ಹೊತ್ತನ್ನು ಮಾತ್ರ. ರಸ್ಟ್‌ನ ಬೆಂಕಿಯ ಲೆಕ್ಕಕ್ಕೆ ಇದು ತೀರ ತಿರುಗುಮುರುಗು.

ವಸ್ತುವನ್ನೂ ಉಳಿಸಿಕೊಳ್ಳುವ ಆಟಗಳು ಬಂದ ಮೇಲೆ ಹೊಸ ತೊಡಕು ಹುಟ್ಟಿತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರನ್ನು ಉದಾಹರಣೆಗೆ ನೋಡಬಹುದು, ಏಕೆಂದರೆ ಅದರ ಫೈಲುಗಳನ್ನು ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು. ಆಟಗಾರನ ಜೋಳಿಗೆಯಲ್ಲಿ ಏನಿದೆ ಎಂಬುದು ಅವನದೇ ಪ್ರತ್ಯೇಕ ಫೈಲಿನಲ್ಲಿರುತ್ತದೆ. ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಆ ಪೆಟ್ಟಿಗೆಯಿರುವ ನೆಲದ ತುಂಡಿನ ಜೊತೆ, ಇನ್ನೊಂದು ಫೈಲಿನಲ್ಲಿರುತ್ತದೆ. ಅಂಗಡಿಯ ಕಿರ್ದಿಗೂ ಖತಾವಣಿಗೂ ಒಂದೇ ಹೊತ್ತಿನಲ್ಲಿ ಲೆಕ್ಕ ಏರಿಸದಿದ್ದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಒಬ್ಬ ಆಟಗಾರ ತನ್ನ ವಜ್ರಗಳನ್ನು ಪೆಟ್ಟಿಗೆಗೆ ಹಾಕಿ ಲಾಗೌಟ್ ಆದ ಎಂದಿಟ್ಟುಕೊಳ್ಳಿ. ಅವನು ಹೊರಬಿದ್ದ ಕೂಡಲೇ ಅವನ ಫೈಲು ಸೇವ್ ಆಗುತ್ತದೆ, ಅದರಲ್ಲಿ ವಜ್ರವಿಲ್ಲ. ನೆಲದ ಫೈಲನ್ನು ಸರ್ವರು ಸುಮಾರು 5 ನಿಮಿಷಕ್ಕೊಮ್ಮೆ ಬರೆಯುತ್ತದೆ. ಆ ನಡುವೆ ಕರೆಂಟು ಹೋದರೆ ಪೆಟ್ಟಿಗೆಯಲ್ಲೂ ವಜ್ರವಿಲ್ಲ. ಯಾರೂ ಕದ್ದಿಲ್ಲ, ಯಾರೂ ಅಳಿಸಿಲ್ಲ, ವಜ್ರ ಮಾತ್ರ ಎರಡು ಬರವಣಿಗೆಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು. ಇದರ ವಿರುದ್ಧವೂ ಆಗುತ್ತದೆ: ಪೆಟ್ಟಿಗೆಯಿಂದ ತೆಗೆದುಕೊಂಡು ಲಾಗೌಟ್ ಆದವನ ಬಳಿಯೂ ವಜ್ರ, ಮರುಚಾಲನೆಯಾದ ಪೆಟ್ಟಿಗೆಯಲ್ಲೂ ವಜ್ರ. ಸರ್ವರನ್ನು ಬೇಕೆಂದೇ ಬೀಳಿಸಿ ಈ ರೀತಿ ವಸ್ತುವನ್ನು ಇಮ್ಮಡಿ ಮಾಡುವವರು ಇದ್ದೇ ಇದ್ದಾರೆ. ಒಂದೇ ದೋಷ ಒಬ್ಬನಿಗೆ ನಷ್ಟ, ಇನ್ನೊಬ್ಬನಿಗೆ ಲಾಭ.

ದೊಡ್ಡ ಕಂಪನಿಗಳ ಆಟಗಳಲ್ಲಿ ಇದಕ್ಕೆ ಮದ್ದು ರೋಲ್‌ಬ್ಯಾಕ್. ಎಲ್ಲರ ಖಾತೆಯನ್ನೂ ದೋಷ ಹೊಕ್ಕುವ ಮೊದಲಿನ ಸ್ಥಿತಿಗೆ ಒಯ್ಯುವುದು. 2023ರ ಜನವರಿ 24ರಂದು 'ಡೆಸ್ಟಿನಿ 2' ಆಟದಲ್ಲಿ ಒಂದು ಪ್ಯಾಚ್ ಬಂದ ಬೆನ್ನಿಗೆ ಆಟಗಾರರ ಸಾಧನೆಯ ದಾಖಲೆಗಳು ಅಳಿಸಿಹೋಗತೊಡಗಿದವು. ತಯಾರಕ ಸಂಸ್ಥೆ ಬಂಜಿ ಆಟವನ್ನೇ ನಿಲ್ಲಿಸಿ, ಬಹುಹೊತ್ತು ದುರಸ್ತಿ ನಡೆಸಿ, ಕೊನೆಗೆ ಎಲ್ಲರನ್ನೂ ಆ ಬೆಳಗಿನ ಸ್ಥಿತಿಗೆ ಮರಳಿಸಿತು. ಆ ನಡುವೆ ಕೆಲವು ಗಂಟೆ ಆಡಿ ಅಪರೂಪದ್ದೇನಾದರೂ ಪಡೆದವರ ಗಳಿಕೆ ಹೋಯಿತು. ಕೆಲವರ ಹಳೆಯ ವರ್ಷಗಳನ್ನು ಉಳಿಸಲು ಎಲ್ಲರ ಇಂದಿನ ಗಂಟೆಗಳನ್ನು ತೆತ್ತರು. ಈ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ನಷ್ಟ ಎಂದರೆ ವಸ್ತು ಇಲ್ಲವಾಗುವುದು ಎಂದು ಮಾತ್ರ ತಿಳಿದವರು ಇಲ್ಲಿ ಗಮನಿಸಬೇಕಾದ್ದು ಒಂದಿದೆ: ರೋಲ್‌ಬ್ಯಾಕ್‌ನಲ್ಲಿ ಇಲ್ಲವಾಗುವುದು ಕಾಲದ ಒಂದು ತುಂಡು. ಅಷ್ಟು ಹೊತ್ತು ಆಡಿದ್ದೇ ದಾಖಲೆಯಲ್ಲಿ ಇರುವುದಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು ಬ್ಲಿಝಾರ್ಡ್ ಕಂಪನಿ ಇದಕ್ಕೆ ವಿರುದ್ಧ ದಾರಿ ಹಿಡಿದಿತ್ತು. 2013ರ ಮೇ ತಿಂಗಳಲ್ಲಿ 'ಡಯಾಬ್ಲೊ 3' ಆಟದ 1.0.8 ಪ್ಯಾಚಿನಲ್ಲಿ, ಹಣಕ್ಕೆ ಮಾರುವ ಹರಾಜುಕಟ್ಟೆಯಲ್ಲಿ ಒಮ್ಮೆಗೆ ಇಡಬಹುದಾದ ಚಿನ್ನದ ಪ್ರಮಾಣವನ್ನು 10 ಲಕ್ಷದಿಂದ 1 ಕೋಟಿಗೆ ಏರಿಸಿದರು. ಅದರಿಂದ ಎಣಿಕೆಯಲ್ಲಿ ಒಂದು ಬಿರುಕು ಬಿಟ್ಟಿತು. ಹರಾಜಿಗೆ ಇಟ್ಟು ಹಿಂತೆಗೆದುಕೊಂಡರೆ ಇಟ್ಟದ್ದಕ್ಕಿಂತ ಹೆಚ್ಚು ಚಿನ್ನ ಮರಳಿ ಬರುತ್ತಿತ್ತು. ಕಂಪನಿ ರೋಲ್‌ಬ್ಯಾಕ್ ಮಾಡದೆ, ದುರುಪಯೋಗ ಮಾಡಿಕೊಂಡವರ ಖಾತೆಗಳನ್ನು ಹುಡುಕಿ ಹಿಡಿಯುವ ದಾರಿ ಆರಿಸಿಕೊಂಡಿತು. ಆ ಕಳ್ಳಚಿನ್ನದ ವ್ಯವಹಾರದಿಂದ ಬಂದ ಹಣವನ್ನು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ದತ್ತಿಸಂಸ್ಥೆಗೆ ಕೊಡುವುದಾಗಿ ಹೇಳಿತು. ಡೆಸ್ಟಿನಿಯಲ್ಲಿ ಅಪಾಯಕ್ಕೆ ಸಿಕ್ಕಿದ್ದು ಹೊತ್ತು. ಡಯಾಬ್ಲೊದಲ್ಲಿ ನಿಜವಾದ ಹಣಕ್ಕೆ ಕೈಬದಲಾಗಿದ್ದ ಚಿನ್ನ. ಒಮ್ಮೆ ಹಣ ಕೈಬದಲಾದ ಮೇಲೆ ಕಾಲವನ್ನು ಹಿಂದೆ ತಿರುಗಿಸುವುದು ಸುಲಭವಲ್ಲ.

ಬ್ಯಾಕಪ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಒಂದು ತಿದ್ದುಪಡಿ ಬೇಕು. ಬ್ರಿಟನ್ನಿನ ಜಾಗೆಕ್ಸ್ ಕಂಪನಿಯ 'ರೂನ್‌ಸ್ಕೇಪ್' ಕಾಲಕ್ರಮೇಣ ಎಷ್ಟು ಬದಲಾಯಿತೆಂದರೆ ಹಳೆಯ ಆಟಗಾರರು ತಮ್ಮ ಆಟ ಬೇಕೆಂದು ಹಟ ಹಿಡಿದರು. ಕಂಪನಿಯಲ್ಲಿ 2007ರ ಆಗಸ್ಟಿನ ಒಂದು ಬ್ಯಾಕಪ್ ಸಿಕ್ಕಿತು. ಜನಾಭಿಪ್ರಾಯ ಪಡೆದು 2013ರ ಫೆಬ್ರವರಿ 22ರಂದು 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಆರಂಭಿಸಿದರು. ಬೆಟ್ಟ, ಊರು, ರಾಕ್ಷಸ, ಸಂಗೀತ ಎಲ್ಲ ಹಾಗೇ ಮರಳಿ ಬಂದವು. ಆದರೆ ಪ್ರತಿಯೊಬ್ಬರೂ ಮೊದಲಿನಿಂದ ಆಡಬೇಕಾಯಿತು. 2007ರಲ್ಲಿ ಯಾರು ಯಾವ ಮಟ್ಟದಲ್ಲಿದ್ದರು, ಯಾರ ಬ್ಯಾಂಕಿನಲ್ಲಿ ಏನಿತ್ತು ಎಂಬುದು ಹೊಸ ಆಟಕ್ಕೆ ಬರಲಿಲ್ಲ. ಲೋಕಕ್ಕೆ ಪುನರ್ಜನ್ಮ ಸಿಕ್ಕಿತು, ಆಟಗಾರನ ಗಂಟೆಗಳಿಗೆ ಸಿಗಲಿಲ್ಲ. ವಿಚಿತ್ರವೆಂದರೆ ಆಟಗಾರರು ಇದನ್ನು ನಷ್ಟವೆಂದು ಎಣಿಸಲೇ ಇಲ್ಲ, ಹಬ್ಬದಂತೆ ಸ್ವಾಗತಿಸಿದರು. ಎಲ್ಲರೂ ಒಟ್ಟಿಗೆ ಬರಿಗೈಯಾದರೆ ಯಾರಿಗೂ ಬಡತನ ಕಾಣುವುದಿಲ್ಲವೇನೋ. ರಸ್ಟ್‌ನ ವೈಪ್ ಜನಪ್ರಿಯವಾಗಿರುವುದರ ಗುಟ್ಟೂ ಇದೇ ಇರಬೇಕು.

ರೂನ್‌ಸ್ಕೇಪ್‌ನದೇ ಇನ್ನೊಂದು ಪ್ರಕರಣ ನ್ಯಾಯಾಲಯ ಹತ್ತಿತು. 2007ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇಬ್ಬರು ಹುಡುಗರು 13 ವರ್ಷದ ಇನ್ನೊಬ್ಬ ಹುಡುಗನನ್ನು ಹೊಡೆದು, ಬೆದರಿಸಿ, ಲಾಗಿನ್ ಮಾಡಿಸಿ, ಅವನ ಪಾತ್ರದ ಬಳಿಯಿದ್ದ ತಾಯಿತವನ್ನೂ ಮುಖವಾಡವನ್ನೂ ತಮ್ಮ ಪಾತ್ರಕ್ಕೆ ವರ್ಗಾಯಿಸಿಕೊಂಡರು. ಹಲ್ಲೆಯ ಅಪರಾಧ ಸ್ಪಷ್ಟವೇ ಇತ್ತು. ಕಳವು ಕೂಡ ಆಗಿದೆಯೇ ಎಂಬುದೇ ಪ್ರಶ್ನೆ. ಅವು ವಸ್ತುಗಳಲ್ಲ, ಬರೀ ಮಾಹಿತಿ ಎಂಬುದು ಆರೋಪಿಯ ಪರ ವಾದ. ವಸ್ತುಗಳೇ ಆಗಿದ್ದರೂ ಅವು ಜಾಗೆಕ್ಸ್‌ನ ಸ್ವತ್ತು ಎಂಬುದು ಇನ್ನೊಂದು ವಾದ. 2012ರ ಜನವರಿ 31ರಂದು ದೇಶದ ಅತ್ಯುನ್ನತ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ಆ ಹುಡುಗ ಅವನ್ನು ತನ್ನ ಹೊತ್ತನ್ನೂ ಶ್ರಮವನ್ನೂ ಹಾಕಿ ಗಳಿಸಿದ್ದ, ಅವಕ್ಕೆ ಅವರೆಲ್ಲರ ಕಣ್ಣಿನಲ್ಲಿ ಬೆಲೆಯಿತ್ತು, ಅವು ಅವನ ಹಿಡಿತದಲ್ಲಿದ್ದವು, ಆ ಹಿಡಿತ ತಪ್ಪಿತು. ಆದ್ದರಿಂದ ಅದು ಕಳವು. ಇದಕ್ಕೆ ಹಿನ್ನೆಲೆಯಾಗಿ ನಿಂತದ್ದು 1921ರ ಅದೇ ನ್ಯಾಯಾಲಯದ ತೀರ್ಪು. ಹೇಗ್ ನಗರದ ದಂತವೈದ್ಯರೊಬ್ಬರು ಮೀಟರು ನಿಲ್ಲಿಸಿ ವಿದ್ಯುತ್ ಬಳಸಿದ್ದನ್ನು ಆಗ ಕಳವು ಎಂದು ಹಿಡಿಯಲಾಗಿತ್ತು. ಮುಟ್ಟಲಾಗದ್ದನ್ನೂ ಕದಿಯಬಹುದು ಎಂಬ ತತ್ವ ಆ ನಾಡಿನಲ್ಲಿ ಹಳೆಯದು.

ಚೀನಾದಲ್ಲಿ ಇನ್ನೂ ಮೊದಲೇ ಇಂಥದೊಂದು ತೀರ್ಪು ಬಂದಿತ್ತು. 'ರೆಡ್ ಮೂನ್' ಆಟದಲ್ಲಿ ಎರಡು ವರ್ಷ ಆಡಿ ಕೂಡಿಸಿದ ಆಯುಧಗಳು 2003ರ ಆರಂಭದಲ್ಲಿ ಯಾರದೋ ಪಾಲಾದಾಗ ಆಟಗಾರನೊಬ್ಬ ಕಂಪನಿಯ ಮೇಲೇ ದಾವೆ ಹೂಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ಬೀಜಿಂಗ್‌ನ ಚಾವೊಯಾಂಗ್ ಜಿಲ್ಲಾ ನ್ಯಾಯಾಲಯ, ಕಳೆದ ವಸ್ತುಗಳನ್ನು ಅವನ ಖಾತೆಗೆ ಮರಳಿಸಬೇಕೆಂದು ಕಂಪನಿಗೆ ಆದೇಶಿಸಿತು. ಪರಿಹಾರದ ಈ ರೂಪ ಗಮನಾರ್ಹ. ಕರಗಿಸಿದ ಒಡವೆಯನ್ನು ಹಾಗೆಯೇ ಮರಳಿಸಿ ಎಂದು ಯಾವ ನ್ಯಾಯಾಧೀಶರೂ ಹೇಳಲಾರರು. ಆಟದ ವಸ್ತುವಿಗೆ ಹೇಳಬಹುದು, ಸರ್ವರು ಜೀವಂತವಿದ್ದರೆ ಒಂದು ದಾಖಲೆ ತಿದ್ದಿದರೆ ಸಾಕು. 2021ರ ಜನವರಿ 1ರಿಂದ ಜಾರಿಗೆ ಬಂದ ಆ ದೇಶದ ನಾಗರಿಕ ಸಂಹಿತೆಯ 127ನೇ ವಿಧಿ ಜಾಲದ ವರ್ಚುವಲ್ ಆಸ್ತಿಯನ್ನು ಹೆಸರೆತ್ತಿಯೇ ಹೇಳುತ್ತದೆ.

ಹೀಗೆ ಈ ಎರಡೂ ನ್ಯಾಯಾಲಯಗಳು ಎಣಿಸಿದ್ದು ಹೊತ್ತನ್ನು, ಶ್ರಮವನ್ನು. ಸ್ಟ್ರಾಸ್‌ಬರ್ಗಿನ ಬೆಂಕಿಯ ನಂತರದ ದಾವೆಗಳಲ್ಲಿ ಇದಾಗಲಿಲ್ಲ. ಬ್ಯಾಕಪ್ ಸೇವೆಗೆ ಹಣ ತೆತ್ತಿದ್ದ ಒಂದು ಫ್ರೆಂಚ್ ಕಂಪನಿ, ತನ್ನ ಬ್ಯಾಕಪ್ಪನ್ನೂ ಅದೇ ಕಟ್ಟಡದಲ್ಲಿ ಇಟ್ಟಿದ್ದರೆಂದು ಓವಿಎಚ್ ಮೇಲೆ ದಾವೆ ಹೂಡಿತು. 2023ರ ಜನವರಿಯಲ್ಲಿ ಲಿಲ್‌ನ ವಾಣಿಜ್ಯ ನ್ಯಾಯಾಲಯ 1 ಲಕ್ಷ ಯೂರೋಗೂ ಮಿಕ್ಕಿ ಪರಿಹಾರ ಕೊಡಿಸಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ತೆತ್ತ ಹಣ, ಬರೆದ ಕರಾರು. ಮನೆಯೊಳಗೆ ಮಲಗಿದ್ದಂತೆಯೇ ಸುಟ್ಟುಹೋದ ರಸ್ಟ್ ಆಟಗಾರನ ಕೈಯಲ್ಲಿ ಓವಿಎಚ್ ಜೊತೆಗಿನ ಯಾವ ಕಾಗದವೂ ಇರಲಿಲ್ಲ.

ಭಾರತದ ಆಟಗಾರರಿಗೆ ಇದೇ ಅನುಭವ ಇನ್ನೊಂದು ಬಾಗಿಲಿನಿಂದ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಇತ್ತು. ಅಕ್ಟೋಬರ್ 30ಕ್ಕೆ ಭಾರತದ ಬಳಕೆದಾರರಿಗೆ ಸರ್ವರುಗಳು ಪೂರ್ತಿ ನಿಂತವು. ಲಾಕ್‌ಡೌನಿನ ತಿಂಗಳುಗಳಲ್ಲಿ ಹಳ್ಳಿ, ಪಟ್ಟಣವೆನ್ನದೆ ಸ್ಕ್ವಾಡ್ ಕಟ್ಟಿ ಆಡಿದ ಹುಡುಗರ ಟಿಯರ್, ಔಟ್‌ಫಿಟ್, ಗನ್ ಸ್ಕಿನ್ ಎಲ್ಲ ಒಂದೇ ಏಟಿಗೆ ಮುಚ್ಚಿದ ಬಾಗಿಲ ಹಿಂದೆ ಸೇರಿದವು. ಆದರೆ ಅವು ಸುಟ್ಟಿರಲಿಲ್ಲ. ಮುಂದಿನ ವರ್ಷ ಕೊರಿಯಾದ ಕ್ರಾಫ್ಟನ್ ಕಂಪನಿ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ'ವನ್ನು ಜುಲೈ 2ರಂದು ಅಧಿಕೃತವಾಗಿ ಬಿಡುಗಡೆ ಮಾಡಿದಾಗ, ಹಳೆಯ ಖಾತೆಗೆ ಜೋಡಿಸಿದ್ದ ಫೇಸ್‌ಬುಕ್, ಟ್ವಿಟರ್ ಲಾಗಿನ್ ಬಳಸಿ, ಒಪ್ಪಿಗೆ ಕೊಟ್ಟವರ ದಾಖಲೆಯನ್ನು ಪ್ರಾಕ್ಸಿಮಾ ಬೀಟಾ ಎಂಬ ಸಂಸ್ಥೆಯಿಂದ ಹೊಸ ಆಟಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶ ಕೊಟ್ಟರು. ಎಂಟು ತಿಂಗಳು ಯಾರೂ ಮುಟ್ಟಲಾಗದ ಲೆಕ್ಕ ಎಲ್ಲೋ ಭದ್ರವಾಗಿತ್ತು ಎಂದಾಯಿತು. ಚೀನಾದಲ್ಲೂ 2023ರ ಜನವರಿಯಲ್ಲಿ ನಿಂತ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2024ರಲ್ಲಿ ಮರಳಿದಾಗ ಆಟಗಾರರು ತಮ್ಮ ಹಳೆಯ ಪಾತ್ರಗಳನ್ನು ಮರಳಿ ಪಡೆದರು. ಆಟದೊಳಗಿನ ಯಾವುದೂ ನಿಮ್ಮ ಸ್ವತ್ತಲ್ಲ, ಬಳಸಲು ಕೊಟ್ಟ ಪರವಾನಗಿಯಷ್ಟೇ ಎಂದು ಷರತ್ತುಗಳಲ್ಲಿ ಬರೆಸಿಕೊಳ್ಳುವ ಕಂಪನಿಗಳು, ಆಟಗಾರನನ್ನು ವಾಪಸು ಕರೆತರಬೇಕಾದಾಗ ಮುಂದೆ ಹಿಡಿಯುವುದು ಅವನ ಹಳೆಯ ಗಂಟೆಗಳನ್ನೇ. ಆಗ ಅವಕ್ಕೆ ಬೆಲೆ ಬರುತ್ತದೆ.

ನಮ್ಮ ನ್ಯಾಯಾಲಯದ ಮುಂದೆ ಆಟದ ವಸ್ತುವಿನ ಕಳವಿನ ಪ್ರಕರಣ ಬಂದರೆ ಎಲ್ಲಿಂದ ಆರಂಭಿಸಬೇಕು? ಡಚ್ಚರಿಗೆ ವಿದ್ಯುತ್ತಿನ ತೀರ್ಪು ಆಧಾರವಾದಂತೆ ನಮಗಾಗದು. 1965ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿದ್ಯುತ್ತನ್ನು ಅಪ್ರಾಮಾಣಿಕವಾಗಿ ಬಳಸುವುದು ದಂಡ ಸಂಹಿತೆಯ ಕಳವಿನ ವ್ಯಾಖ್ಯೆಯೊಳಗೆ ತಾನಾಗಿ ಬರುವುದಿಲ್ಲ, 1910ರ ವಿದ್ಯುತ್ ಕಾಯ್ದೆ ಅದನ್ನು ಕಳವೆಂದು ಎಣಿಸಿದ್ದರಿಂದಷ್ಟೇ ಅಪರಾಧವಾಗುತ್ತದೆ ಎಂದಿತ್ತು. ಅಂದಿನ ದಂಡ ಸಂಹಿತೆಯ 22ನೇ ಕಲಮು ಚರ ಸ್ವತ್ತು ಎಂದರೆ ಮೂರ್ತ ಸ್ವತ್ತು ಎಂದಿದ್ದುದು ಇದಕ್ಕೆ ಹೊಂದುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 2ನೇ ಕಲಮಿನ 21ನೇ ಉಪಕಲಮು, ನೆಲವನ್ನೂ ನೆಲಕ್ಕೆ ಅಂಟಿದ್ದನ್ನೂ ಬಿಟ್ಟು ಎಲ್ಲ ಬಗೆಯ ಸ್ವತ್ತೂ ಚರ ಸ್ವತ್ತು ಎನ್ನುತ್ತದೆ. 'ಮೂರ್ತ' ಎಂಬ ವಿಶೇಷಣವನ್ನು ಕೈಬಿಟ್ಟಿದ್ದಾರೆ. ಇಂದಿನ ಓದಿನಲ್ಲಿ ಆಟದ ಖಾತೆಯ ವಸ್ತುವನ್ನು ಕಳವಿನ ವ್ಯಾಖ್ಯೆಯೊಳಗೆ ತರಲು ಇದು ಮೊದಲಿಗಿಂತ ಅಗಲವಾದ ದಾರಿ ಎಂದು ನನಗೆ ತೋರುತ್ತದೆ.

ದಾರಿ ಅಗಲವಾದರೂ ಸಾಕ್ಷ್ಯದ ತೊಡಕು ಉಳಿಯುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೇಳುತ್ತದೆ. ದಾಖಲೆ ಒದಗಿಸುವವರದು ಒಂದು ಭಾಗ, ತಜ್ಞರದು ಇನ್ನೊಂದು ಭಾಗ, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ. ವಸ್ತು ಕಳೆದುಕೊಂಡ ಆಟಗಾರನ ಬಳಿ ಸಾಮಾನ್ಯವಾಗಿ ಇರುವುದು ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟ್, ಹೆಚ್ಚೆಂದರೆ ಸ್ಕ್ರೀನ್ ರೆಕಾರ್ಡಿಂಗ್. ಅದಕ್ಕೆ ಅವನು ಪ್ರಮಾಣಪತ್ರ ಕೊಡಬಲ್ಲ. ಅಂಥ ಪ್ರಮಾಣಪತ್ರ ಹೇಳುವುದು ಅವನ ಫೋನಿನ ಪರದೆಯ ಮೇಲೆ ಏನು ಕಂಡಿತ್ತು ಎಂಬುದನ್ನು. ವಸ್ತು ಅವನ ಹೆಸರಿನಲ್ಲಿ ಎಂದಿನಿಂದ ಎಂದಿನವರೆಗೆ ಇತ್ತು, ಯಾವ ಗಳಿಗೆಯಲ್ಲಿ ಯಾರ ಖಾತೆಗೆ ಹೋಯಿತು, ಅಥವಾ ಯಾವ ದೋಷದಲ್ಲಿ ಅಳಿಸಿತು ಎಂಬುದನ್ನು ಬರೆದಿಟ್ಟಿರುವುದು ಸರ್ವರಿನ ಲಾಗ್. ಆ ಲಾಗನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವುದು ಕಂಪನಿ. ನ್ಯಾಯಾಲಯಕ್ಕೆ ಅದನ್ನು ಒದಗಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ್ದೂ ಕಂಪನಿಯ ಅಧಿಕಾರಿಯೇ. ಬೀಜಿಂಗ್‌ನ ದಾವೆಯಂತೆ ಕಂಪನಿಯೇ ಪ್ರತಿವಾದಿಯಾಗಿ ನಿಂತ ಪ್ರಕರಣಗಳಲ್ಲಿ ಆ ಅಧಿಕಾರಿ ಎದುರಾಳಿಯ ಪಕ್ಷದಲ್ಲಿ ಕೂತಿರುತ್ತಾನೆ.